ಹಸಿವನ್ನು ತೂಗಲು ಯಾವ ತಕ್ಕಡಿ?

ತೂಕ ಮತ್ತು ಅಳತೆಗಳಲ್ಲಿ ಏಕರೂಪತೆ ಇಲ್ಲದಿದ್ದರೆ ವ್ಯಾಪಾರ ನೆಟ್ಟಗೆ ನಡೆಯದು ಎಂಬುದನ್ನು ವರ್ತಕ ಸಮುದಾಯಕ್ಕೆ ಹೊಸದಾಗಿ ತಿಳಿಸಬೇಕಾಗಿಲ್ಲ. ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮುನ್ನ ‘ಮಣ’ ಎಂಬ ಒಂದೇ ಹೆಸರಿನ ತೂಕವು ಬಂಗಾಳದಲ್ಲಿ ಸುಮಾರು 37 ಕಿಲೋ ಆಗಿದ್ದರೆ ಮದರಾಸಿನಲ್ಲಿ ಸುಮಾರು 11 ಕಿಲೋ ಮಾತ್ರ ಆಗಿತ್ತು. ಸೇರು, ಪಾವು, ಬಳ್ಳಗಳ ಕಥೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಒಂದು ಊರಿನ ಮಣದ ಲೆಕ್ಕದಲ್ಲಿ ಕೊಂಡು ಮತ್ತೊಂದು ಊರಿನ ಮಣದ ಲೆಕ್ಕದಲ್ಲಿ ಮಾರಿದವನು ಲಾಭ ಮಾಡಿಕೊಂಡರೂ ಮಾರುಕಟ್ಟೆಯ ವಿಶ್ವಾಸಕ್ಕೆ ಅದರಿಂದ ಧಕ್ಕೆಯಾಗುತ್ತಿತ್ತು. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ಈ ಗೊಂದಲಕ್ಕೆ ಅಂತ್ಯ ಹಾಡಿತು.

ಧಾನ್ಯದ ತೂಕದಲ್ಲಿ ಅಂದು ತಂದ ಶಿಸ್ತು ಬಡತನ ಮತ್ತು ಹಸಿವಿನ ಲೆಕ್ಕದಲ್ಲಿ ಇಂದಿಗೂ ಬಂದಿಲ್ಲ. ‘ಬಡವ’ ಎಂಬ ಒಂದೇ ಪದಕ್ಕೆ ಯೋಜನೆ ರೂಪಿಸುವವರ ಕಡತದಲ್ಲಿ ಒಂದು ಅರ್ಥ, ವಿಶ್ವ ಬ್ಯಾಂಕಿನ ವರದಿಯಲ್ಲಿ ಇನ್ನೊಂದು ಅರ್ಥ, ತಾಲ್ಲೂಕು ಕಚೇರಿಯಲ್ಲಿ ಪಡಿತರ ಚೀಟಿ ನೀಡುವಾಗ ಮತ್ತೊಂದು ಅರ್ಥ. ಇದು ಕೇವಲ ಅರ್ಥಶಾಸ್ತ್ರಜ್ಞರ ನಡುವಣ ವಾಗ್ವಾದವಾಗಿದ್ದರೆ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಇದರತ್ತ ಗಮನ ಹರಿಸಬೇಕಾದ ಅಗತ್ಯವಿರಲಿಲ್ಲ. ಆದರೆ ಈ ಅಳತೆಯ ದೋಷ ಎಪಿಎಂಸಿ ಪ್ರಾಂಗಣದ ಹಮಾಲರ ಕೂಲಿಯನ್ನೂ, ಕಾರ್ಖಾನೆಯ ಹಾಜರಿ ಪುಸ್ತಕವನ್ನೂ, ಬೇಳೆ ಗಿರಣಿಯ ವಹಿವಾಟನ್ನೂ ನೇರವಾಗಿ ತಟ್ಟುತ್ತಿದೆ. ಆದುದರಿಂದ ಈ ವಿಷಯ ವಾಣಿಜ್ಯ ವಲಯದ ಚರ್ಚೆಗೆ ಬರುವುದು ಯುಕ್ತವಾಗಿದೆ.

ಒಂದೇ ಸಮೀಕ್ಷೆ, ಎರಡು ಉತ್ತರ

ಭಾರತದಲ್ಲಿ ಬಡತನದ ರೇಖೆಯನ್ನು ಎಳೆಯುವ ಪ್ರಯತ್ನಕ್ಕೆ ದೀರ್ಘ ಇತಿಹಾಸವಿದೆ. 1971ರಲ್ಲಿ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರ ಅಧ್ಯಯನವು ದಿನಕ್ಕೆ 2250 ಕ್ಯಾಲೊರಿ ಆಹಾರ ದೊರಕಿಸಿಕೊಡಬಲ್ಲ ವೆಚ್ಚವನ್ನು ಆಧಾರವಾಗಿಟ್ಟುಕೊಂಡಿತು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆಯು ಗ್ರಾಮೀಣ ಪ್ರದೇಶಕ್ಕೆ 2400, ನಗರ ಪ್ರದೇಶಕ್ಕೆ 2100 ಕ್ಯಾಲೊರಿಗಳ ಮಾನದಂಡವನ್ನು ಸೂಚಿಸಿತು. ಮುಂದೆ 1993ರಲ್ಲಿ ಲಕ್ಡಾವಾಲಾ, 2009ರಲ್ಲಿ ತೆಂಡೂಲ್ಕರ್, 2014ರಲ್ಲಿ ರಂಗರಾಜನ್ ನೇತೃತ್ವದ ತಜ್ಞರ ಸಮಿತಿಗಳು ಈ ರೇಖೆಯನ್ನು ಮತ್ತೆ ಮತ್ತೆ ತಿದ್ದಿದವು.

ಇವುಗಳಲ್ಲಿ ಕೊನೆಯ ಎರಡರ ಹೋಲಿಕೆ ಬೋಧಪ್ರದವಾಗಿದೆ. ತೆಂಡೂಲ್ಕರ್ ವಿಧಾನದಂತೆ 2011-12ರಲ್ಲಿ ಗ್ರಾಮೀಣ ವ್ಯಕ್ತಿಯೊಬ್ಬನ ಮಾಸಿಕ ವೆಚ್ಚ 816 ರೂಪಾಯಿ, ನಗರವಾಸಿಯದು 1000 ರೂಪಾಯಿ ದಾಟಿದರೆ ಆತ ಬಡವನಲ್ಲ. ಅದರಂತೆ ದೇಶದಲ್ಲಿ ಬಡವರ ಪ್ರಮಾಣ ಶೇಕಡ 21.9. ರಂಗರಾಜನ್ ಸಮಿತಿ ಅದೇ ವರ್ಷಕ್ಕೆ ಈ ಮಿತಿಯನ್ನು ಕ್ರಮವಾಗಿ 972 ಮತ್ತು 1407 ರೂಪಾಯಿ ಎಂದು ಲೆಕ್ಕ ಹಾಕಿದಾಗ ಬಡವರ ಪ್ರಮಾಣ ಶೇಕಡ 29.5ಕ್ಕೆ ಏರಿತು. ದೇಶ ಅದೇ, ವರ್ಷ ಅದೇ. ಆದರೆ ಎರಡು ಲೆಕ್ಕಗಳ ನಡುವೆ ಒಂಬತ್ತು ಕೋಟಿಗೂ ಅಧಿಕ ಜನರ ಅಂತರ. ರಂಗರಾಜನ್ ಸಮಿತಿಯ ಶಿಫಾರಸನ್ನು ಸರ್ಕಾರ ಅಧಿಕೃತವಾಗಿ ಅಂಗೀಕರಿಸಲಿಲ್ಲ. 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ಕಾರಣ ನೀಡಿ 2019ರಲ್ಲಿ ತಡೆಹಿಡಿಯಲಾಯಿತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಯಿತು. ಹನ್ನೊಂದು ವರ್ಷಗಳ ಅಂತರದ ನಂತರ 2022-23ರ ವೆಚ್ಚ ಸಮೀಕ್ಷೆಯ ಅಂಕಿ ಅಂಶಗಳು 2024ರಲ್ಲಿ ಪ್ರಕಟವಾದವು. ಯಾವ ವ್ಯಾಪಾರಿಯೂ ಹನ್ನೊಂದು ವರ್ಷ ದಾಸ್ತಾನು ಎಣಿಸದೆ ಅಂಗಡಿ ನಡೆಸಲಾರ.

ಇತ್ತ ನೀತಿ ಆಯೋಗವು ಆರೋಗ್ಯ, ಶಿಕ್ಷಣ ಮತ್ತು ಜೀವನಮಟ್ಟಗಳನ್ನು ಒಟ್ಟುಗೂಡಿಸಿ ಬಹು ಆಯಾಮದ ಬಡತನ ಸೂಚ್ಯಂಕವನ್ನು ಸಿದ್ಧಪಡಿಸಿದೆ. ಇದರಂತೆ ಕರ್ನಾಟಕದಲ್ಲಿ ಬಡವರ ಪ್ರಮಾಣ 2015-16ರಲ್ಲಿ ಶೇಕಡ 12.77 ಇದ್ದುದು 2019-21ರಲ್ಲಿ 7.58ಕ್ಕೆ ಇಳಿಯಿತು. ಇದು ನಿಸ್ಸಂದೇಹವಾಗಿ ಸಂತೋಷದ ಸಂಗತಿ. ಆದರೆ ಈ ಸೂಚ್ಯಂಕಕ್ಕೆ ಆಧಾರವಾದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಇನ್ನೊಂದು ಪುಟದಲ್ಲಿ ಹೇಳುವ ಮಾತು ಬೇರೆ: ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಹದಿಮೂರು ಜನರಲ್ಲಿ ಒಬ್ಬ ಬಡವ, ಮೂರು ಮಕ್ಕಳಲ್ಲಿ ಒಂದಕ್ಕೆ ಬೆಳವಣಿಗೆಯ ಕೊರತೆ – ಎರಡೂ ಒಂದೇ ಸಮೀಕ್ಷೆಯ ಉತ್ತರಗಳು. ಇವೆರಡರಲ್ಲಿ ಯಾವುದೂ ಸುಳ್ಳಲ್ಲ. ಅವು ತೂಗಿದ ಸರಕುಗಳು ಬೇರೆ ಬೇರೆ.

ಕಣಜ ತುಂಬಿದ್ದರೆ ಹೊಟ್ಟೆ ತುಂಬಿತೆ?

ಹಸಿವಿನ ಅಳತೆಗೆ ಜಗತ್ತಿನಲ್ಲಿ ಮುಖ್ಯವಾಗಿ ಮೂರು ಮಾರ್ಗಗಳು ಬಳಕೆಯಲ್ಲಿವೆ. ಮೊದಲನೆಯದು ದೇಶದಲ್ಲಿ ಲಭ್ಯವಿರುವ ಆಹಾರವನ್ನು ಜನಸಂಖ್ಯೆಗೆ ಹಂಚಿ, ಹಂಚಿಕೆಯ ಏರುಪೇರನ್ನು ಅಂದಾಜು ಮಾಡುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಹುಕಾಲದಿಂದ ಅನುಸರಿಸುತ್ತಿರುವ ವಿಧಾನವಿದು. ಎರಡನೆಯದು ನೇರವಾಗಿ ಮನೆಯವರನ್ನೇ ಕೇಳುವುದು. ಹಣವಿಲ್ಲದೆ ಊಟ ಬಿಟ್ಟದ್ದುಂಟೆ, ಊಟದ ಬಗೆಗಳು ಕಡಿಮೆಯಾದದ್ದುಂಟೆ, ಇಡೀ ದಿನ ಉಪವಾಸವಿದ್ದದ್ದುಂಟೆ ಎಂಬಂಥ ಎಂಟು ಪ್ರಶ್ನೆಗಳ ಪಟ್ಟಿಯನ್ನು ಇದೇ ಸಂಸ್ಥೆ 2014ರಿಂದ ಬಳಸುತ್ತಿದೆ. ಮೂರನೆಯದು ದೇಹವನ್ನೇ ಅಳೆಯುವುದು: ಮಕ್ಕಳ ಎತ್ತರ, ತೂಕ, ರಕ್ತದ ಪರೀಕ್ಷೆ.

ಜಾಗತಿಕ ಹಸಿವು ಸೂಚ್ಯಂಕವು 2023ರಲ್ಲಿ ಭಾರತಕ್ಕೆ 125 ದೇಶಗಳಲ್ಲಿ 111ನೇ ಸ್ಥಾನ ನೀಡಿದಾಗ ಕೇಂದ್ರ ಸರ್ಕಾರ ಅದನ್ನು ತಿರಸ್ಕರಿಸಿತು. ಆ ಸೂಚ್ಯಂಕದ ನಾಲ್ಕು ಘಟಕಗಳಲ್ಲಿ ಮೂರು ಮಕ್ಕಳಿಗೆ ಸಂಬಂಧಿಸಿದವು. ಇಡೀ ಜನಸಂಖ್ಯೆಯ ಹಸಿವಿಗೆ ಅವನ್ನು ಪ್ರತಿನಿಧಿಯಾಗಿ ಹಿಡಿಯುವುದು ಸರಿಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮಗುವಿನ ಎತ್ತರ ಆಹಾರವನ್ನಷ್ಟೇ ಅಲ್ಲ, ಕುಡಿಯುವ ನೀರು, ಶೌಚ ವ್ಯವಸ್ಥೆ, ತಾಯಿಯ ಆರೋಗ್ಯ ಇವನ್ನೂ ಅವಲಂಬಿಸಿದೆ. ಆದರೆ ಸ್ಥಾನಪಟ್ಟಿಯನ್ನು ತಿರಸ್ಕರಿಸಿದ ಮಾತ್ರಕ್ಕೆ ಅದರ ಹಿಂದಿನ ಅಂಕಿಗಳು ಮಾಯವಾಗುವುದಿಲ್ಲ. ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67.1, ಹದಿನೈದರಿಂದ ನಲವತ್ತೊಂಬತ್ತು ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿ ರಕ್ತಹೀನರು ಎಂಬುದು ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆಯ ದಾಖಲೆ.

ಕಣಜದ ಲೆಕ್ಕವೊಂದನ್ನೇ ನಂಬುವುದರ ಅಪಾಯಕ್ಕೆ 1943ರ ಬಂಗಾಳದ ಕ್ಷಾಮಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆ ವರ್ಷ ಬಂಗಾಳದಲ್ಲಿ ದೊರೆಯುತ್ತಿದ್ದ ಧಾನ್ಯ 1941ರಲ್ಲಿ ಇದ್ದುದಕ್ಕಿಂತ ಕಡಿಮೆಯೇನೂ ಇರಲಿಲ್ಲ ಎಂದೂ, ಏರಿದ ಬೆಲೆಗೆ ಸರಿಸಾಟಿಯಾಗಿ ಕೂಲಿ ಏರದ ಕಾರಣ ಕೃಷಿ ಕಾರ್ಮಿಕರು, ಮೀನುಗಾರರು, ಕುಶಲಕರ್ಮಿಗಳು ಅನ್ನಕ್ಕೆ ಎರವಾದರೆಂದೂ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಪೇಟೆಯಲ್ಲಿ ಅಕ್ಕಿ ಇರುವುದು ಬೇರೆ, ಅದನ್ನು ಕೊಳ್ಳುವ ಶಕ್ತಿ ಕೂಲಿಯಾಳಿಗೆ ಇರುವುದು ಬೇರೆ. ಪ್ರತಿದಿನ ಗಲ್ಲೆಯ ಮುಂದೆ ಕುಳಿತು, ಒಂದು ಕಿಲೋ ಬೇಳೆ ಕೇಳಲು ಬಂದ ಗಿರಾಕಿ ಬೆಲೆ ಕೇಳಿ ಕಾಲು ಕಿಲೋ ಕೊಂಡು ಹೋಗುವುದನ್ನು ಕಾಣುವ ಕಿರಾಣಿ ವ್ಯಾಪಾರಿಗೆ ಈ ವ್ಯತ್ಯಾಸ ಪುಸ್ತಕ ಓದದೆಯೂ ತಿಳಿದಿರುತ್ತದೆ.

ಅಳತೆ ಸರಿಯಾಗಿದ್ದಾಗ ಆಡಳಿತವೂ ಹೇಗೆ ದಾರಿಗೆ ಬರುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ 35 ಸೂಚಕಗಳ ಮೂಲಕ ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಸಹಿತ ಹೇಳಿತು. ವರದಿಯ ಅನುಷ್ಠಾನದಲ್ಲಿ ಲೋಪಗಳು ಇರಬಹುದು. ಆದರೆ ಅನುದಾನದ ಚರ್ಚೆ ನಡೆದಾಗಲೆಲ್ಲ ಎಲ್ಲ ಪಕ್ಷಗಳೂ ಆ ಪಟ್ಟಿಯನ್ನೇ ಮುಂದಿಟ್ಟು ಮಾತನಾಡಬೇಕಾಯಿತು. ಹಸಿವಿನ ವಿಷಯದಲ್ಲಿ ಅಂಥದೊಂದು ತಾಲ್ಲೂಕುವಾರು ಪಟ್ಟಿಯ ಕೊರತೆ ಎದ್ದು ಕಾಣುತ್ತದೆ.

ಚೀಟಿಯ ಅಂಚಿನಲ್ಲಿ ನಿಂತ ಕೂಲಿಯಾಳು

ಅಳತೆಯ ಪ್ರಶ್ನೆ ವರದಿಗಳ ಪುಟದಿಂದ ಇಳಿದು ಪೇಟೆಗೆ ಬರುವುದು ಬಿಪಿಎಲ್ ಚೀಟಿಯ ರೂಪದಲ್ಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಗ್ರಾಮೀಣ ಜನರಲ್ಲಿ ಶೇಕಡ 75, ನಗರವಾಸಿಗಳಲ್ಲಿ ಶೇಕಡ 50 ಮಂದಿಯವರೆಗೆ ಧಾನ್ಯದ ಹಕ್ಕು ನೀಡಿತು. ಈ ಹಕ್ಕಿನ ಒಟ್ಟು ಸಂಖ್ಯೆಯನ್ನು 2011ರ ಜನಗಣತಿಗೆ ಅನುಗುಣವಾಗಿ ಸುಮಾರು 81.35 ಕೋಟಿಗೆ ನಿಗದಿಪಡಿಸಲಾಯಿತು. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನಿರ್ಧರಿಸುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ಕರ್ನಾಟಕದಲ್ಲಿ ಇದಕ್ಕೆ ಬಳಸಿದ ಮಾನದಂಡಗಳಲ್ಲಿ ಮುಖ್ಯವಾದದ್ದು ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದೆಂಬುದು. 2024ರ ನವೆಂಬರಿನಲ್ಲಿ ಅನರ್ಹರ ಚೀಟಿಗಳನ್ನು ರದ್ದುಪಡಿಸಹೊರಟು, ವಿರೋಧ ಬಂದಾಗ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರಿಗೆ ಚೀಟಿಗಳನ್ನು ಮರಳಿಸಿದ ಪ್ರಕರಣದ ಕಾಲಕ್ಕೂ ಇದೇ ಮಿತಿ ಜಾರಿಯಲ್ಲಿತ್ತು.

ಈ ಮಿತಿಯನ್ನು ಕೂಲಿಯ ಲೆಕ್ಕಕ್ಕೆ ಇಳಿಸಿ ನೋಡಬೇಕು. ದಿನಕ್ಕೆ 400 ರೂಪಾಯಿಯಂತೆ ತಿಂಗಳಿಗೆ 25 ದಿನ ದುಡಿಯುವ ಒಬ್ಬ ಕಾರ್ಮಿಕನ ವರ್ಷದ ಗಳಿಕೆ ಸರಿಯಾಗಿ 1.20 ಲಕ್ಷ ರೂಪಾಯಿ. ಆತನ ಪತ್ನಿ ಪಕ್ಕದ ಪ್ಯಾಕಿಂಗ್ ಘಟಕದಲ್ಲಿ ಕೆಲಸಕ್ಕೆ ಸೇರಿದರೆ, ಅಥವಾ ಮಾಲೀಕರು ಕೂಲಿಯನ್ನು ಹತ್ತು ರೂಪಾಯಿ ಹೆಚ್ಚಿಸಿದರೆ, ಕುಟುಂಬ ಕಾಗದದ ಮೇಲೆ ಬಡತನದಿಂದ ಹೊರಬರುತ್ತದೆ. ಧಾನ್ಯ ನಿಲ್ಲುತ್ತದೆ, ಆ ಚೀಟಿಯನ್ನೇ ಆಧಾರವಾಗಿಟ್ಟುಕೊಂಡ ವೈದ್ಯಕೀಯ ನೆರವು, ಇತರ ಸವಲತ್ತುಗಳೂ ಅದರೊಡನೆ ಜಾರುತ್ತವೆ. ದಿನಕ್ಕೆ ಹತ್ತು ರೂಪಾಯಿ ಹೆಚ್ಚು ಪಡೆದು ಇಷ್ಟನ್ನು ಕಳೆದುಕೊಳ್ಳಲು ಯಾವ ಲೆಕ್ಕ ಬಲ್ಲವನೂ ಒಪ್ಪಲಾರ.

ವರ್ತಕರ ಮತ್ತು ಉದ್ಯಮಿಗಳ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರೊಂದಿದೆ: ಉಚಿತ ಅಕ್ಕಿ ಬಂದ ಮೇಲೆ ಕೆಲಸಕ್ಕೆ ಜನ ಸಿಗುತ್ತಿಲ್ಲ. ಈ ದೂರನ್ನು ಪರಿಶೀಲಿಸದೆ ಒಪ್ಪುವುದು ಸರಿಯಲ್ಲ. ಐದಾರು ಜನರ ಕುಟುಂಬಕ್ಕೆ ತಲೆಗೆ ಐದು ಅಥವಾ ಹತ್ತು ಕಿಲೋ ಅಕ್ಕಿ ದೊರೆತ ಮಾತ್ರಕ್ಕೆ ಬೇಳೆ, ಎಣ್ಣೆ, ಬಾಡಿಗೆ, ಶಾಲೆಯ ಶುಲ್ಕ, ಔಷಧಿಗಳಿಗೆ ಹಣ ಬರುವುದಿಲ್ಲ. ನೆರೆಯ ತಮಿಳುನಾಡು 1997ರಲ್ಲಿ ದೇಶವೆಲ್ಲ ಬಡವರನ್ನು ವಿಂಗಡಿಸುವ ಪಡಿತರ ಪದ್ಧತಿಗೆ ಹೊರಳಿದಾಗಲೂ ಸಾರ್ವತ್ರಿಕ ಪಡಿತರವನ್ನು ಉಳಿಸಿಕೊಂಡಿತು. 2007ರಿಂದ ತೊಗರಿಬೇಳೆ ಮತ್ತು ತಾಳೆ ಎಣ್ಣೆಯನ್ನೂ ರಿಯಾಯಿತಿ ದರದಲ್ಲಿ ನೀಡತೊಡಗಿತು. ಅನ್ನ ಸಿಕ್ಕರೆ ಜನ ದುಡಿಯುವುದಿಲ್ಲ ಎಂಬುದು ನಿಜವಾಗಿದ್ದರೆ ಆ ರಾಜ್ಯದ ಕಾರ್ಖಾನೆಗಳು ಬಾಗಿಲು ಮುಚ್ಚಬೇಕಿತ್ತು. ವಾಸ್ತವದಲ್ಲಿ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಂತೆ ದೇಶದಲ್ಲೇ ಅತ್ಯಧಿಕ ಸಂಖ್ಯೆಯ ಕಾರ್ಖಾನೆಗಳಿರುವುದು ತಮಿಳುನಾಡಿನಲ್ಲಿ.

ಹಾಗಾದರೆ ದೂರಿನಲ್ಲಿ ಸತ್ಯಾಂಶವೇ ಇಲ್ಲವೆ? ಇದೆ, ಆದರೆ ಅದು ಅಕ್ಕಿಯಲ್ಲಿಲ್ಲ, ರೇಖೆಯಲ್ಲಿದೆ. ಚೀಟಿ ಹೋದೀತೆಂಬ ಅಂಜಿಕೆಯಿಂದ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಲು, ಬ್ಯಾಂಕಿನ ಮೂಲಕ ವೇತನ ಪಡೆಯಲು ಕಾರ್ಮಿಕ ಹಿಂಜರಿದರೆ ಅದು ಅವನ ಸೋಮಾರಿತನವಲ್ಲ, ಅವನ ವ್ಯವಹಾರಜ್ಞಾನ. ಇದರ ನಷ್ಟ ಮಾತ್ರ ಇಬ್ಬರಿಗೂ ಸೇರಿದ್ದು. ಹೆಸರು ಬರೆಸದ ಕಾರ್ಮಿಕನಿಗೆ ಇಎಸ್‌ಐ ಇಲ್ಲ, ಭವಿಷ್ಯನಿಧಿ ಇಲ್ಲ. ಅಪಘಾತವಾದ ದಿನ ಮಾಲೀಕರಿಗೂ ರಕ್ಷಣೆ ಇಲ್ಲ. ಕಾನೂನಿನಂತೆ ವೇತನ ದಾಖಲಿಸುವ ಉದ್ಯಮಿ ಆಳುಗಳನ್ನು ಕಳೆದುಕೊಂಡು, ದಾಖಲೆ ಇಡದವನು ಗೆಲ್ಲುವ ಪರಿಸ್ಥಿತಿ ಪ್ರಾಮಾಣಿಕ ವ್ಯವಹಾರಕ್ಕೆ ಹಿತಕರವಲ್ಲ.

ಸಣ್ಣ ವ್ಯಾಪಾರಿಗಳೂ ಈ ತಕ್ಕಡಿಯಿಂದ ಹೊರತಲ್ಲ. ಚೀಟಿದಾರರ ಅರ್ಹತೆಯನ್ನು ತೆರಿಗೆ ದಾಖಲೆಗಳೊಂದಿಗೆ ತಾಳೆ ನೋಡುವ ಪದ್ಧತಿ ಬೆಳೆಯುತ್ತಿದೆ. ತಾಳೆ ನೋಡುವುದು ತಪ್ಪಲ್ಲ. ಆದರೆ ವಹಿವಾಟನ್ನೇ ಆದಾಯವೆಂದು ಬಗೆಯುವುದು ತಪ್ಪು. ವರ್ಷಕ್ಕೆ 25 ಲಕ್ಷ ರೂಪಾಯಿ ವಹಿವಾಟಿರುವ ಕಿರಾಣಿ ಅಂಗಡಿಗೆ ಶೇಕಡ 3ರಷ್ಟು ನಿವ್ವಳ ಲಾಭ ಉಳಿದರೆ ಕೈಗೆ ಬರುವುದು 75,000 ರೂಪಾಯಿ. ಬ್ಯಾಂಕ್ ಸಾಲಕ್ಕಾಗಿ ಆದಾಯದ ವಿವರ ಸಲ್ಲಿಸಿದವರೆಲ್ಲ ತೆರಿಗೆ ಪಾವತಿಸುವಷ್ಟು ಗಳಿಸುವವರಲ್ಲ. ಲೆಕ್ಕಪತ್ರದ ಈ ಪ್ರಾಥಮಿಕ ಭೇದವನ್ನು ಆಡಳಿತದ ಗಮನಕ್ಕೆ ತರಬಲ್ಲವರು ವಾಣಿಜ್ಯ ಸಂಸ್ಥೆಗಳಲ್ಲದೆ ಮತ್ತಾರು?

ಬ್ರೆಜಿಲ್ ದೇಶ ಈ ಸಮಸ್ಯೆಗೆ ಸರಳ ಪರಿಹಾರವೊಂದನ್ನು ಕಂಡುಕೊಂಡಿದೆ. 2023ರಲ್ಲಿ ಪುನರ್‌ರೂಪಿಸಿದ ಅಲ್ಲಿನ ‘ಬೋಲ್ಸಾ ಫಮಿಲಿಯಾ’ ನೆರವಿನ ಯೋಜನೆಯಲ್ಲಿ ಕುಟುಂಬದ ಆದಾಯ ಮಿತಿ ದಾಟಿದರೂ, ನಿಗದಿತ ಮೇಲ್ಮಿತಿಯೊಳಗಿದ್ದರೆ, ನೆರವು ಒಮ್ಮೆಲೇ ನಿಲ್ಲದೆ ನಿರ್ದಿಷ್ಟ ಅವಧಿಯವರೆಗೆ ಅರ್ಧದಷ್ಟು ಮುಂದುವರಿಯುತ್ತದೆ. ಪ್ರಪಾತದ ಬದಲು ಇಳಿಜಾರು. ಮನೆಯವರನ್ನೇ ಕೇಳಿ ಆಹಾರದ ಅಭದ್ರತೆಯನ್ನು ಅಳೆಯುವ ಪ್ರಶ್ನಾವಳಿಯನ್ನೂ ಬ್ರೆಜಿಲ್ ತನ್ನ ರಾಷ್ಟ್ರೀಯ ಸಮೀಕ್ಷೆಯಲ್ಲಿ 2004ರಷ್ಟು ಹಿಂದೆಯೇ ಅಳವಡಿಸಿಕೊಂಡಿತು. ಶಾಲಾ ಊಟದ ಅನುದಾನದಲ್ಲಿ ಕನಿಷ್ಠ ಶೇಕಡ 30ರಷ್ಟನ್ನು ಸಣ್ಣ ಕೃಷಿ ಕುಟುಂಬಗಳಿಂದ ಖರೀದಿಗೆ ಮೀಸಲಿಡಬೇಕೆಂದು 2009ರಲ್ಲೇ ಶಾಸನ ಮಾಡಿತು. ಅಳತೆ, ನೆರವು, ಖರೀದಿ ಈ ಮೂರೂ ಅಲ್ಲಿ ಒಂದೇ ಸರಪಳಿಯ ಕೊಂಡಿಗಳಾಗಿವೆ.

ಚೀಲದ ಬದಲು ತಟ್ಟೆ

ಗ್ರಾಹಕ ವೆಚ್ಚದ ಸಮೀಕ್ಷೆಗಳು ಇನ್ನೊಂದು ಮಹತ್ವದ ಬದಲಾವಣೆಯನ್ನು ತೋರಿಸಿವೆ. ಗ್ರಾಮೀಣ ಕುಟುಂಬದ ಒಟ್ಟು ವೆಚ್ಚದಲ್ಲಿ ಏಕದಳ ಧಾನ್ಯಗಳ ಪಾಲು 1999-2000ದಲ್ಲಿ ಶೇಕಡ 22ರಷ್ಟಿದ್ದುದು 2022-23ರ ವೇಳೆಗೆ ಶೇಕಡ 5ಕ್ಕೂ ಕೆಳಗಿಳಿಯಿತು. ಆಹಾರದ ಒಟ್ಟು ಪಾಲು ಮಾತ್ರ ಆಗಲೂ ಶೇಕಡ 46ರಷ್ಟಿತ್ತು. ಪಡಿತರ ಧಾನ್ಯ ಇದಕ್ಕೆ ಒಂದು ಕಾರಣ. ಅಂದರೆ ಬಡಕುಟುಂಬದ ಜೇಬಿಗೆ ಇಂದು ಭಾರವಾಗಿರುವುದು ಅಕ್ಕಿಯಲ್ಲ; ಬೇಳೆ, ಹಾಲು, ಮೊಟ್ಟೆ, ತರಕಾರಿ, ಎಣ್ಣೆ. ಹಸಿವಿನ ಅಳತೆ ಕಿಲೋಗಳಲ್ಲೇ ನಿಂತರೆ ಪರಿಹಾರವೂ ಚೀಲಗಳಲ್ಲೇ ನಿಲ್ಲುತ್ತದೆ. ಮನೆಯ ಅಗತ್ಯ ಮೀರಿದ ಅಕ್ಕಿ ಕಾಳಸಂತೆಗೆ ಹರಿಯುವುದು ಎಲ್ಲರೂ ಬಲ್ಲ ವಿಷಯ. ಆ ಅಕ್ಕಿ ಪಾಲಿಷ್ ಆಗಿ ಮತ್ತೆ ಪೇಟೆಗೆ ಬಂದಾಗ ಪೆಟ್ಟು ತಿನ್ನುವವರು ರೈತರಿಂದ ಭತ್ತ ಕೊಂಡು ನ್ಯಾಯವಾಗಿ ಗಿರಣಿ ನಡೆಸುವ ಗಂಗಾವತಿ, ಸಿಂಧನೂರು, ದಾವಣಗೆರೆಗಳ ಮಾಲೀಕರೇ.

ಕಲ್ಯಾಣ ಕರ್ನಾಟಕದ ಸ್ಥಿತಿ ಈ ವೈರುಧ್ಯವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕಲಬುರಗಿ ರಾಜ್ಯದ ತೊಗರಿಯ ಕಣಜ. ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಅದೇ ವಿಭಾಗದ ಯಾದಗಿರಿಯಂಥ ಜಿಲ್ಲೆಗಳಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳ ಪ್ರಮಾಣ ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು. ಬೇಳೆ ಬೆಳೆಯುವ, ಒಡೆಯುವ, ಚೀಲ ತುಂಬಿ ದೇಶಕ್ಕೆಲ್ಲ ಕಳುಹಿಸುವ ನೆಲದಲ್ಲೇ ಮಗುವಿನ ತಟ್ಟೆಗೆ ಬೇಳೆ ಸಾಲದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲಾ ಮಕ್ಕಳಿಗೆ ಮೊಟ್ಟೆ ನೀಡಲಾರಂಭಿಸಿ, ಮುಂದೆ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ‘ಅನ್ನಭಾಗ್ಯ’ದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ ಮೊದಲಾದವುಗಳ ಕಿಟ್ ನೀಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದೂ ಚೀಲದಿಂದ ತಟ್ಟೆಯತ್ತ ಹೊರಳುವ ಸೂಚನೆಯೇ.

ಆದರೆ ಇಂಥ ಯೋಜನೆಗಳ ಯಶಸ್ಸು ಖರೀದಿಯ ಕ್ರಮದಲ್ಲಿ ಅಡಗಿದೆ. ಇಡೀ ರಾಜ್ಯಕ್ಕೆ ಒಂದೇ ಟೆಂಡರ್ ಕರೆದು, ಠೇವಣಿ ಮತ್ತು ವಹಿವಾಟಿನ ಷರತ್ತುಗಳನ್ನು ಎತ್ತರದಲ್ಲಿಟ್ಟರೆ ಜಿಲ್ಲೆಯ ಬೇಳೆ ಗಿರಣಿಗಳೂ ಎಣ್ಣೆ ಗಾಣಗಳೂ ಹೊರಗೆ ನಿಂತು ನೋಡಬೇಕಾಗುತ್ತದೆ. ದೂರದ ಗುತ್ತಿಗೆದಾರನ ಸರಕು ಕಳಪೆಯಾಗಿ ಬಂದರೆ ಕೇಳುವವರಿಲ್ಲ. ಜಿಲ್ಲಾಮಟ್ಟದಲ್ಲಿ ಚಿಕ್ಕ ಲಾಟುಗಳಲ್ಲಿ ಖರೀದಿ, ಗುಣಮಟ್ಟದ ಬಿಗಿಯಾದ ತಪಾಸಣೆ, 2006ರ ಎಂಎಸ್‌ಎಂಇ ಕಾಯಿದೆಯಂತೆ 45 ದಿನಗಳೊಳಗೆ ಹಣ ಪಾವತಿ – ಇವು ಮೂರು ಖಚಿತವಾದರೆ ಹಸಿವಿನ ನಿವಾರಣೆಗೆ ಸರ್ಕಾರ ವೆಚ್ಚ ಮಾಡುವ ಹಣ ಅದೇ ಜಿಲ್ಲೆಯ ರೈತ, ಗಿರಣಿ, ಹಮಾಲರ ನಡುವೆ ತಿರುಗುತ್ತದೆ. ದಕ್ಷಿಣದ ಜಿಲ್ಲೆಗಳ ರಾಗಿ, ಉತ್ತರದ ಜೋಳಕ್ಕೂ ಇದೇ ಮಾತು ಅನ್ವಯ. 2025-26ನೇ ಸಾಲಿಗೆ ಕ್ವಿಂಟಾಲಿಗೆ 4886 ರೂಪಾಯಿ ಬೆಂಬಲ ಬೆಲೆ ಘೋಷಿತವಾದ ರಾಗಿಯನ್ನು ಬೆಳೆದ ಪ್ರದೇಶದಲ್ಲೇ ಪಡಿತರವಾಗಿ ಹಂಚಿದರೆ ಸಾಗಣೆಯ ವೆಚ್ಚವೂ ಉಳಿಯುತ್ತದೆ.

ಮಾಡಬೇಕಾದುದೇನು?

ಮೇಲಿನ ಪರಿಶೀಲನೆಯಿಂದ ಕೆಲವು ಸ್ಪಷ್ಟ ಕ್ರಮಗಳು ಮೂಡಿಬರುತ್ತವೆ. ಮೊದಲನೆಯದಾಗಿ, ಆದಾಯ, ಹಸಿವಿನ ಅನುಭವ, ದೇಹದ ಪೋಷಣೆ ಈ ಮೂರನ್ನೂ ಒಂದೇ ಸಂಖ್ಯೆಗೆ ಕಟ್ಟಿಹಾಕದೆ ಬೇರೆ ಬೇರೆಯಾಗಿ, ತಾಲ್ಲೂಕುವಾರು, ನಿಯತಕಾಲಿಕವಾಗಿ ಅಳೆದು ಪ್ರಕಟಿಸಬೇಕು. ಫಲಿತಾಂಶ ಅಹಿತವಾದಾಗಲೂ ತಡೆಹಿಡಿಯಬಾರದು. ಎರಡನೆಯದಾಗಿ, ಚೀಟಿಯ ಆದಾಯ ಮಿತಿಯನ್ನು ಕನಿಷ್ಠ ವೇತನದ ಜೊತೆ ಹೊಂದಿಸಿ ಪ್ರತಿವರ್ಷ ಪರಿಷ್ಕರಿಸಬೇಕು. ಮಿತಿ ದಾಟಿದ ಕುಟುಂಬಕ್ಕೆ ಸವಲತ್ತು ಹಂತಹಂತವಾಗಿ ಇಳಿಯುವಂತೆ ಮಾಡಬೇಕು. ವಹಿವಾಟನ್ನು ಆದಾಯವೆಂದು ಎಣಿಸಬಾರದು. ಮೂರನೆಯದಾಗಿ, ಪಡಿತರದಲ್ಲಿ ಬೇಳೆ ಮತ್ತು ಸಿರಿಧಾನ್ಯಗಳ ಪಾಲನ್ನು ಹೆಚ್ಚಿಸಿ, ಅವನ್ನು ಸ್ಥಳೀಯ ಸಣ್ಣ ಘಟಕಗಳಿಂದ ಕೊಳ್ಳಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂಬ ಪ್ರಶ್ನೆ ಸಹಜ. ಚೀಟಿಯ ಇಳಿಜಾರು ಪದ್ಧತಿಗೆ ಹೆಚ್ಚುವರಿ ವೆಚ್ಚ ತಗಲುವುದು ನಿಜ. ಆದರೆ ಕಾಳಸಂತೆಗೆ ಸೋರುವ ಅಕ್ಕಿಯ ಬೆಲೆಯನ್ನೂ, ಚೀಟಿ ರದ್ದುಪಡಿಸಿ ಮತ್ತೆ ಮರಳಿಸುವ ಆಡಳಿತದ ಶ್ರಮವನ್ನೂ, ದಾಖಲೆಗೆ ಬಾರದೆ ಉಳಿಯುವ ದುಡಿಮೆಯಿಂದಾಗುವ ನಷ್ಟವನ್ನೂ ಖರ್ಚಿನ ಬದಿಯಲ್ಲಿ ಬರೆಯದೆ ಲೆಕ್ಕ ಮುಗಿಸುವುದು ಸರಿಯಾದ ಜಮಾಖರ್ಚಾಗದು.

ವಾಣಿಜ್ಯ ಸಂಸ್ಥೆಗಳ ಪಾತ್ರವೂ ಇಲ್ಲಿ ಗೌಣವಲ್ಲ. ಪ್ರತಿ ಪೇಟೆಯ ಚಿಲ್ಲರೆ ಧಾರಣೆ, ಹಮಾಲಿ ದರ, ಸಣ್ಣ ಘಟಕಗಳ ವೇತನದ ಮಟ್ಟ ಇವುಗಳ ನಿಖರ ಮಾಹಿತಿ ಸದಸ್ಯರ ಬಳಿಯೇ ಇದೆ. ಅದನ್ನು ಕ್ರೋಡೀಕರಿಸಿ, ಮುಂಗಡಪತ್ರಕ್ಕೆ ಮುನ್ನ ಸರ್ಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ತೆರಿಗೆ, ವಿದ್ಯುತ್ ದರ, ಬಡ್ಡಿಗಳ ಬೇಡಿಕೆಯ ಜೊತೆಗೆ ಚೀಟಿಯ ಮಿತಿ ಮತ್ತು ಪಡಿತರ ಖರೀದಿಯ ವಿಷಯವನ್ನೂ ಸೇರಿಸುವುದು ಕಷ್ಟದ ಕೆಲಸವಲ್ಲ. ಸದಸ್ಯರು ತಮ್ಮ ಆಳುಗಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದು ನ್ಯಾಯವಾದ ಕೂಲಿ ದಾಖಲಿಸಿದಾಗಲೇ ಅಂಥ ಮನವಿಗೆ ನೈತಿಕ ಬಲ ಬರುತ್ತದೆ ಎಂಬುದನ್ನೂ ಮರೆಯಬಾರದು.

ಸುಳ್ಳು ತಕ್ಕಡಿ ಹಿಡಿದ ಅಂಗಡಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಹಸಿವನ್ನು ತೂಗುವ ತಕ್ಕಡಿ ಸುಳ್ಳಾದರೆ ಮಾತ್ರ ಬಡವನಿಗೆ ಬೇರೆ ಅಂಗಡಿಗೆ ಹೋಗುವ ದಾರಿಯಿಲ್ಲ. ಅದನ್ನು ಸರಿಪಡಿಸಲು ಒತ್ತಾಯಿಸುವ ಹೊಣೆ ತೂಕದ ಬೆಲೆ ಬಲ್ಲವರ ಮೇಲೆ ಹೆಚ್ಚಾಗಿದೆ.